ಹಕ್ಕಿ ಓಡಿಸಿದ ಅಟ್ಟಣೆ, ಹಕ್ಕಿ ನೋಡುವ ಅಟ್ಟಣೆ

1900ರ ಸುಮಾರಿಗೆ ಇಂಗ್ಲೆಂಡಿನ ಕಿಯರ್ಟನ್ ಅಣ್ಣತಮ್ಮಂದಿರು ಎತ್ತಿನ ಚರ್ಮದ ಟೊಳ್ಳು ಬೊಂಬೆಯೊಳಗೆ ಕೂತು ಹಕ್ಕಿಗಳ ಫೋಟೊ ತೆಗೆದರು. ನಗು ಬರುತ್ತೆ. ಆದರೆ ಹಕ್ಕಿ ದನಕ್ಕೆ ಅಷ್ಟು ಹೆದರಲ್ಲ, ಮನುಷ್ಯನಿಗೆ ಹೆದರುತ್ತೆ.

ನಮ್ಮ ಗೌರಿಬಿದನೂರು, ಚಿಂತಾಮಣಿ ಕಡೆ ಜೋಳದ ಹೊಲದಲ್ಲಿ ನಾಲ್ಕು ಗಳ ನೆಟ್ಟು, ಗರಿ ಹೊದಿಸಿ ಅಟ್ಟಣೆ ಕಟ್ಟುತ್ತಿದ್ದರು. ಮೇಲೆ ಕೂತವರ ಕೈಯಲ್ಲಿ ಕವಣೆ. ಆ ಅಟ್ಟಣೆ ಗಿಳಿಗಳಿಗೆ ಕಾಣಲೇಬೇಕಿತ್ತು!

1940ರಲ್ಲಿ ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಸರ್ಕಾರ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿತು. ಅಲ್ಲಿ ಹಕ್ಕಿ ನೋಡಲು ದೋಣಿ ಇದೆ. ವರ್ಷವಿಡೀ ನೀರು ನಿಲ್ಲದ ನಮ್ಮ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಅದೇ ಹಳೇ ಅಟ್ಟಣೆ ಸಾಕು ಅಂತೀವಿ ನಾವು. ನೀಲಗಿರಿ ಗಳ, ಬಣ್ಣ ಬಳಿಯದ ಹಲಗೆ, ಕಣ್ಣಿನ ಎತ್ತರಕ್ಕೊಂದು ಸಣ್ಣ ಕಿಂಡಿ, ಹಿಂದೆ ಜಾಲಿ ಮರ. ಏರಿ ಮೇಲೆ ಬೇಡ, ದೂರಕ್ಕೇ ಎದ್ದು ಕಾಣುತ್ತೆ. ಗಳದ ಬುಡ ಸುಟ್ಟು ನೆಡಿ, ಇಲ್ಲದಿದ್ದರೆ ಗೆದ್ದಲು ಬಿಡಲ್ಲ.