ಕೆಂಪು ಗೆರೆಯೊಳಗಿನ ಜನ

ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರುಗಳನ್ನು ನೋಡಿ. ಹೆಚ್ಚಿನವುಗಳಲ್ಲಿ ಒಬ್ಬರೇ, ಅದೂ ಗಾಜು ಏರಿಸಿಕೊಂಡು. ನಡುವೆ ಮೂರಡಿ ಜಾಗ ಇರಲ್ಲ, ಆದರೂ ಮಾತು ಅಂತ ಇರೋದು ಹಾರ್ನ್ ಮಾತ್ರ. ಇಂಥವರನ್ನೆಲ್ಲ ಒಟ್ಟಿಗೆ ಕರೆದರೆ ಯಾರಾದರೂ ಓಗೊಡ್ತಾರಾ? ಲಾಸ್ ಏಂಜಲೀಸ್‌ನಲ್ಲಿ ಒಮ್ಮೆ ಓಗೊಟ್ಟಿದ್ದರು.

ಕಾರಿನೊಳಗೆ ಹೊರಗಿನ ದನಿ ತಂದದ್ದು ರೇಡಿಯೊ. 1930ರಲ್ಲಿ ಷಿಕಾಗೋದ ಗ್ಯಾಲ್ವಿನ್ ಸಹೋದರರು ಮಾರಾಟಕ್ಕಿಟ್ಟ ಕಾರ್ ರೇಡಿಯೊದ ಹೆಸರು ಮೋಟೊರೋಲಾ. ಕಂಪನಿಗೂ ಆ ಹೆಸರು ಬಂದದ್ದು ಆಮೇಲೆ. ಇನ್ನು 1950ರ ದಶಕದ ಲಾಸ್ ಏಂಜಲೀಸ್ ಅಂದ್ರೆ ಕಾರುಗಳ ಊರು. ಅಲ್ಲಿನ ರೇಡಿಯೊ ಕೇಂದ್ರವೊಂದರ ಲಾಯ್ಡ್ ಸಿಗ್ಮನ್ ಒಂದು ಯಂತ್ರ ತಯಾರಿಸಿದರು. ಪೊಲೀಸರು ಸಂಕೇತ ಕಳಿಸಿದರೆ ಸ್ಟೇಷನ್ನಿನ ಟೇಪ್ ರೆಕಾರ್ಡರ್ ತಾನಾಗಿಯೇ ಆನ್ ಆಗಿ ಸಂದೇಶ ದಾಖಲಿಸಿಕೊಳ್ಳುತ್ತಿತ್ತು. ಅದು ಪ್ರಸಾರವಾಗಿ ಕಾರುಗಳಿಗೆ ತಲುಪುತ್ತಿತ್ತು. 1955ರಲ್ಲಿ ಶುರುವಾದ ಇದಕ್ಕೆ ಅವರ ಹೆಸರಿನಿಂದಲೇ ‘ಸಿಗ್‌ಅಲರ್ಟ್’ ಅಂತ ಹೆಸರಾಯ್ತು.

1956ರ ಜನವರಿ 22, ಭಾನುವಾರ ಸಂಜೆ. ರೆಡೊಂಡೊ ಜಂಕ್ಷನ್ನಿನ ತಿರುವಿನಲ್ಲಿ ಅತಿವೇಗವಾಗಿ ಬಂದ ಪ್ಯಾಸೆಂಜರ್ ರೈಲು ಉರುಳಿ 30 ಜನ ಸತ್ತರು. ಡಾಕ್ಟರುಗಳು, ನರ್ಸುಗಳು ಬೇಕು ಅಂತ ಸಿಗ್‌ಅಲರ್ಟ್ ಹೋಯ್ತು. ಕೇಳಿದವರು ಹೊರಟೇಬಿಟ್ಟರು. ಎಷ್ಟು ಮಂದಿ ಅಂದ್ರೆ, ಅದರಿಂದಲೇ ಟ್ರಾಫಿಕ್ ಜಾಮ್ ಆಯ್ತು!

ನಗು ಬರುತ್ತೆ, ನಿಜ. ಆದರೆ ಜಗತ್ತಿನ ಟ್ರಾಫಿಕ್ ಜಾಮ್‌ಗಳಲ್ಲಿ ಇಷ್ಟು ಮರ್ಯಾದೆಯದ್ದು ಇನ್ನೊಂದಿದೆಯಾ? ಗುರುತಿಲ್ಲದವರ ಜೀವ ಉಳಿಸೋಕೆ ಹೊರಟವರ ಸಾಲು ಅದು.

ಬೆಂಗಳೂರಿಗೆ ಆ ಥರದ ಜೊತೆಯ ರುಚಿ ಹತ್ತಿದ್ದು 2001ರಲ್ಲಿ, ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೊ ಸಿಟಿ ಇಲ್ಲಿ ಶುರುವಾದಾಗ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿಂದಲೂ ನಮ್ಮದೇ ಹಾಡು ಕೇಳಿಸೋದಿತ್ತು. ಈಗ ಅವರವರ ಹಾಡು ಅವರವರ ಫೋನಿನಲ್ಲಿ. ದಾರಿ ಹೇಳೋಕೆ ಮ್ಯಾಪ್ ಇದೆ. ಸಾವಿರಾರು ಫೋನುಗಳ ವೇಗ ಲೆಕ್ಕ ಹಾಕಿ ಅದು ರಸ್ತೆಗೆ ಕೆಂಪು ಬಳಿಯುತ್ತದೆ. ಮಾಹಿತಿಯೇನೋ ರೇಡಿಯೊಗಿಂತ ಪಕ್ಕಾ. ಆದರೆ ಆ ಕೆಂಪು ಗೆರೆ ಅಂದ್ರೆ ನಾವೇ. ನಮ್ಮಿಂದ ತಪ್ಪಿಸಿಕೊಳ್ಳೋ ದಾರಿಯನ್ನು ಅದು ಉಳಿದವರಿಗೆ ತೋರಿಸ್ತಾ ಇರುತ್ತೆ. ಸಿಗ್ಮನ್ನರ ಯಂತ್ರ ಜನರನ್ನು ಕರೆಯುತ್ತಿತ್ತು, ಮ್ಯಾಪ್ ಜನರನ್ನು ಎಣಿಸುತ್ತೆ.

ಎಲ್ಲರನ್ನೂ ಒಟ್ಟಿಗೆ ಕರೆಯುವ ದನಿ ನಮ್ಮ ರಸ್ತೆಗಳಲ್ಲಿ ಇನ್ನೂ ಒಂದು ಉಳಿದಿದೆ: ಆಂಬ್ಯುಲೆನ್ಸ್ ಸೈರನ್. ಅದು ಕೇಳಿಸಿದಾಗ ಇಂಚೂ ಬಿಡದವರು ಕೂಡ ಕಾರನ್ನು ಫುಟ್‌ಪಾತಿಗೆ ಏರಿಸಿ ಜಾಗ ಬಿಡ್ತಾರೆ. ಒಳಗಿರೋದು ಯಾರು ಅಂತ ಯಾರೂ ಕೇಳಲ್ಲ.