ಗುಡಿಗಾರರ ಉಳಿಯಲ್ಲಿ ಹಂಸ

ಅಮೆರಿಕದ ನೆವಾಡ ಪ್ರಾಂತದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ದೊರೆತ, ಜೊಂಡನ್ನು ಹೆಣೆದು ಬಣ್ಣ ಬಳಿದ, ಸುಮಾರು ಎರಡು ಸಾವಿರ ವರ್ಷ ಹಳೆಯ ಬಾತುಗಳು, ಆಕಾಶದಲ್ಲಿ ಹಾರುವ ಸಜಾತೀಯ ಪಕ್ಷಿಗಳನ್ನು ಬೇಟೆಗಾರನ ಬಳಿಗೆ ಸೆಳೆಯಲೆಂದೇ ನಿರ್ಮಿತವಾದುವು. ಆ ಪರಂಪರೆಗೆ ಸೇರಿದ ಮರದ ಬಾತುಗಳನ್ನು ಕೆತ್ತಿ ಬಣ್ಣ ತುಂಬುವುದು ಈಗ ಅಲ್ಲಿ ಅನೇಕರಿಗೆ ಪ್ರಿಯವಾದ ಹವ್ಯಾಸ. ಕನ್ನಡನಾಡಿಗೂ ಇಂಥ ಉಪಾಯ ಅಪರಿಚಿತವಲ್ಲ: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಪಳಗಿದ ಜಿಂಕೆಯನ್ನು ಮುಂದಿಟ್ಟು ಕಾಡುಜಿಂಕೆಯನ್ನು ಸೆಳೆಯುವ ಮೃಗಯಾವಿಧಿಯನ್ನು ವರ್ಣಿಸುತ್ತದೆ. ಆದರೆ ಕೆತ್ತಿದ ಪಕ್ಷಿಗೆ ನಮ್ಮವರು ಕೊಟ್ಟ ಸ್ಥಾನವೇ ಬೇರೆ. ಹಳೇಬೀಡಿನ ದೇವಾಲಯದ ಅಧಿಷ್ಠಾನದಲ್ಲಿ ಆನೆ, ಸಿಂಹ, ಕುದುರೆ, ಮಕರಗಳಿಗೂ ಮೇಲಣ ಪಟ್ಟಿಕೆ ಹಂಸಗಳದು. ಉತ್ಸವದಲ್ಲಿ ದೇವರನ್ನು ಹೊರುವ ಬಣ್ಣದ ಮರದ ಹಂಸ, ಗರುಡಗಳೋ ಯಾರನ್ನೂ ವಂಚಿಸಲೆಂದು ಹುಟ್ಟಿದುವಲ್ಲ. ಈ ಭೇದವೇ ನನಗೆ ನಮ್ಮ ಕಾಷ್ಠಶಿಲ್ಪದ ಹೃದಯವೆಂದು ತೋರುತ್ತದೆ.

ಶಿವಮೊಗ್ಗೆಯಿಂದ ವಾಯವ್ಯಕ್ಕೆ ಸಾಗಿದರೆ, ಈ ಕಾಷ್ಠಶಿಲ್ಪವೇ ಕುಲಕಸುಬಾದ ಸಾಗರ, ಸೊರಬಗಳ ಗುಡಿಗಾರರ ನೆಲೆ ಸಿಗುತ್ತದೆ. ಗೋವೆಯಿಂದ ಬಂದವರು ತಾವೆಂಬುದು ಅವರ ಪರಂಪರೆಯ ಮಾತು. ಬೆಂಡಿನ ಬಾಸಿಂಗವನ್ನೂ ಗಂಧದ ಕರಡಿಗೆಯನ್ನೂ ಒಂದೇ ಕೈಚಳಕದಿಂದ ಮಾಡಬಲ್ಲ ಇವರ ಕೆಲಸವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಿ. ಎಲ್. ರೈಸರು ಮೈಸೂರು ಗೆಜೆಟಿಯರಿನಲ್ಲಿ ಪ್ರಶಂಸಿಸಿದರು. ನುಣುಪಾಗಿ ಹೆರೆದ ಹಲಗೆಗೆ ಬಿಳಿಯ ಕಾಗದವಂಟಿಸಿ, ಅದರ ಮೇಲೆ ಬಳ್ಳಿಯ ಸುರುಳಿ, ದೇವತಾಮೂರ್ತಿಗಳ ರೇಖೆಯನ್ನೆಳೆದು, ರೇಖೆಗಳ ನಡುವಣ ಮರವನ್ನು ಚಿಕ್ಕ ಉಳಿಯಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ಹೋದಂತೆ ರೂಪ ಮೇಲೇಳುತ್ತದೆ. ಗಂಧಕ್ಕೆ ಬಣ್ಣ ಬೇಡ. ಪರಿಮಳವೂ ಹೊಂಬಣ್ಣವೂ ಅದರ ಸಹಜಧರ್ಮ.

ಈ ಕಲೆಯ ಕಷ್ಟ ಕೈಯಿಂದಲ್ಲ, ಮರದಿಂದ ಬಂತು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಅದು ದೊರೆತನದ ಸೊತ್ತಾಯಿತು. 1944ರಲ್ಲಿ ಶಿವಮೊಗ್ಗೆಯಲ್ಲಿಯೇ ಗಂಧದೆಣ್ಣೆಯ ಕಾರ್ಖಾನೆ ತಲೆಯೆತ್ತಲು, ಚೇಗಿಗೆ ಶಿಲ್ಪಿಯೊಡನೆ ಬಟ್ಟಿಯೂ ಹಕ್ಕುದಾರನಾಯಿತು. ಸ್ಪೈಕ್ ರೋಗವೂ ಕಳ್ಳಸಾಗಣೆಯೂ ಉಳಿದುದನ್ನು ಕಬಳಿಸಿದುವು. 2001ರ ಕಾನೂನು ತಿದ್ದುಪಡಿಯಿಂದ ಭೂಮಿಯ ಒಡೆಯನೇ ತನ್ನ ನೆಲದ ಗಂಧದ ಮರದ ಒಡೆಯನಾದನಾದರೂ, ಅಂದು ನೆಟ್ಟ ಸಸಿಯಲ್ಲಿ ಕೆತ್ತನೆಗೆ ಒದಗುವಷ್ಟು ಚೇಗು ಬಲಿಯಲು ದಶಕಗಳೇ ಬೇಕಾದುದರಿಂದ, ಇಂದು ಗುಡಿಗಾರರ ಉಳಿ ಬಹುಮಟ್ಟಿಗೆ ಶಿವನೆಯಂಥ ಸುಲಭದ ಮರಗಳನ್ನು ಆಶ್ರಯಿಸಿದೆ.