‘ನಾನ್‌ವಯಲೆನ್ಸ್’ ಪದದ ಮೂಲ ಮತ್ತು ಅಹಿಂಸೆ

ಇಂಗ್ಲಿಷಿನ ‘ನಾನ್‌ವಯಲೆನ್ಸ್’ ಲ್ಯಾಟಿನ್ ಮೂಲದ ಎರಡು ಅಂಗಗಳುಳ್ಳ ಸಮಸ್ತಪದ. ‘ನಾನ್’ ನಿಷೇಧವನ್ನೂ ‘ವಯಲೆನ್ಸ್’ ಬಲಪ್ರಯೋಗವನ್ನೂ ಸೂಚಿಸುತ್ತವೆ. 1920ರ ಅಸಹಕಾರ ಚಳವಳಿಯ ಕಾಲದಲ್ಲಿ ಗಾಂಧೀಜಿಯವರು ‘ಅಹಿಂಸೆ’ಗೆ ಪರ್ಯಾಯವಾಗಿ ಬಳಸಿದ ಮೇಲೆ ಈ ಪದವು ಲೋಕಪ್ರಸಿದ್ಧವಾಯಿತು.

‘ಅಹಿಂಸೆ’ಯೂ ನಿಷೇಧರೂಪದ ಸಮಾಸವೇ, ಆದರೆ ಅದರ ವ್ಯಾಪ್ತಿ ಹಿರಿದು. ಪ್ರಮಾದವಶದಿಂದ ಪ್ರಾಣಘಾತ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ಹೀಗೆ ಅಹಿಂಸೆಯು ಕೈಯನ್ನಷ್ಟೇ ಅಲ್ಲದೆ ಮನಸ್ಸಿನ ಕಷಾಯವನ್ನೂ ನಿಗ್ರಹಿಸಲು ವಿಧಿಸುತ್ತದೆ.

ಆ ಇಂಗ್ಲಿಷ್ ಪದವು ಜನರ ಬಾಯಲ್ಲಿ ಹೊಸದಾಗಿದ್ದಾಗಲೇ ಧಾರವಾಡವು ಅದರ ಪರೀಕ್ಷೆಯನ್ನು ಕಂಡಿತು. 1921ರ ಜುಲೈ 1ರಂದು ಮದ್ಯದಂಗಡಿಯ ಮುಂದೆ ನಡೆದ ಪಿಕೆಟಿಂಗ್ ಸಂದರ್ಭದಲ್ಲಿ ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ತಮ್ಮವರನ್ನು ಕಳೆದುಕೊಂಡವರು ಕೈಯೆತ್ತದಿದ್ದರೆ ‘ನಾನ್‌ವಯಲೆನ್ಸ್’ ಪದದ ಅರ್ಥವು ಪೂರ್ಣವಾಗುತ್ತದೆ. ಅಹಿಂಸೆಯ ಅರ್ಥವು ಪೂರ್ಣವಾಗಲು ದ್ವೇಷವನ್ನೂ ತೊರೆಯಬೇಕಾಗುತ್ತದೆ.